ಸೀರೆಯ ಇನ್ನೊಂದು ತುದಿ

ನಾನು ಸೀರೆಯ ಒಂದು ತುದಿಯನ್ನು ನಳದ ಕಂಬಕ್ಕೆ ಸುತ್ತಿ ಗಂಟು ಹಾಕಿದೆ. ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಸರಿಯುತ್ತ ಹೋದೆ. ಸೀರೆ ಬಿಗಿಯಾದ ಮೇಲೆ ತಿರುವತೊಡಗಿದೆ. ಆಗಷ್ಟೇ ಹೊಂಡದ ಪಾವಟಿಗೆಯಿಂದ ಎತ್ತಿದ ಒಂಬತ್ತು ಗಜದ ಸೀರೆ. ನೀರು ಕುಡಿದು ಸತ್ತ ಕರುವಿನಷ್ಟು ಭಾರವಾಗಿತ್ತು. ತಿರುವಿದಂತೆಲ್ಲ ಹಗ್ಗದ ಹಾಗೆ ಹುರಿಗೊಂಡಿತು. ನೀರು ನಡುವಿನಿಂದ ಸುರಿದು, ಕಲ್ಲಿನ ಮೇಲೆ ಹರಿದು, ಹೊಂಡಕ್ಕೇ ವಾಪಸು ಹೋಯಿತು. ಕಂಬದ ಹಿಡಿತ ಚೆನ್ನಾಗಿತ್ತು. ಇದು ಮೊದಲೇ ಏಕೆ ತೋಚಲಿಲ್ಲ ಎಂದುಕೊಂಡೆ.

ಎರಡನೆಯ ಸೀರೆಯನ್ನು ಕಟ್ಟುವಾಗ ಒಬ್ಬ ಹೆಂಗಸು ಚೊಂಬು ಹಿಡಿದು ನಳಕ್ಕೆ ಬಂದಳು. ಕಂಬ ನೋಡಿದಳು, ನನ್ನನ್ನು ನೋಡಿದಳು. ಚೊಂಬು ಕೈಜಾರಿ ಪಾವಟಿಗೆಗಳ ಮೇಲೆ ಉರುಳುತ್ತ ಹೊಂಡಕ್ಕೆ ಬಿತ್ತು.

"ಅಯ್ಯ ನಮ್ಮವ್ವ, ದೇವಿ ನಳಕ್ಕ ಪೀಡಾ ಕಟ್ಯಾಳ ನೋಡ್ರಿ ಇಕಿ."

ದೇವಸ್ಥಾನ ಟ್ರಸ್ಟಿನ ಮ್ಯಾನೇಜರ ಅಪ್ಪಾಸಾಬರು ಪ್ಲಾಟ್‌ಫಾರ್ಮಿನ ಕಡೆಯಿಂದ ಬಂದರು. ಓಡಲಿಲ್ಲ. ಅವರು ಯಾವಾಗಲೂ ನಿಧಾನ ಬರುತ್ತಾರೆ, ಅಷ್ಟರಲ್ಲಿ ಮಂದಿ ಕೂಡಲಿ ಎಂದು.

"ಏ ರಂಡೇ, ಕಣ್ಣ ಕಿತ್ತ ಹೋಗ್ಯಾವೇನ? ಮಂದಿ ಕುಡಿಯೂ ನೀರ ಐತಿ ಅದು. ನಿಮ್ಮಪ್ಪ ಎಮ್ಮಿ ಕಟ್ಟೂ ಗೂಟಾ ಅಂತ ತಿಳಿದಿಯೇನ?"

ನಾನು ಉತ್ತರ ಕೊಡುವಂತಿರಲಿಲ್ಲ. ಅರಿವೆ ಕೈಯಲ್ಲಿತ್ತು.

"ಬಿಚ್ಚ ಬೇ ಅದನ್ನ."

ಒದ್ದೆ ಗಂಟು ಬಿಗಿದುಕೊಂಡಿತ್ತು. ಬೆರಳಿನಿಂದ ಬಿಚ್ಚಲಾಗಲಿಲ್ಲ. ಬಗ್ಗಿ ಹಲ್ಲಿನಿಂದ ಎಳೆದೆ. ಹಿಂದೆ ಯಾರೋ ಗಂಡಸು, ಪೀಡಾ ಸೀದಾ ಬಾಯಾಗ ಹೊಂಟೈತಿ ನೋಡ್ರಿ, ಎಂದ. ನಾಲ್ಕೈದು ಜನ ನಕ್ಕರು. ಗಂಟು ಬಿಚ್ಚಿತು. ನಾಲಿಗೆಯ ಮೇಲೆ ಹೊಂಡದ ನೀರು, ಸೋಪು, ಇನ್ನೊಬ್ಬರ ಬೆವರು.

ಅವತ್ತು ಮಧ್ಯಾಹ್ನದ ತನಕ ಬೂದಿ, ಹುಣಸೆಹುಳಿ ಹಚ್ಚಿ ಆ ಕಂಬ ತಿಕ್ಕಿದೆ. ಕಂಬ ಹೊಸದರ ಹಾಗೆ ಹೊಳೆಯಿತು. ಆದರೂ ಯಾರೂ ಅಲ್ಲಿ ನೀರು ಹಿಡಿಯಲಿಲ್ಲ. ಎದುರಿನ ಅಂಗಡಿಯಲ್ಲಿ ಬಾಟಲಿ ತೆಗೆದುಕೊಂಡರು. ಅಂಗಡಿಯೂ ಅಪ್ಪಾಸಾಬರದೇ.

ಕಡೇಗುಡ್ಡ ಸಣ್ಣ ಸ್ಟೇಷನ್ನು. ರಾಯಬಾಗ ದಾಟಿದ ಮೇಲೆ ಬರುತ್ತದೆ. ಒಂದೇ ಪ್ಲಾಟ್‌ಫಾರ್ಮ್. ಅದರ ಬೆನ್ನಿಗೆ ಹೊಂಡ, ಹೊಂಡದ ಬೆನ್ನಿಗೆ ಗುಡ್ಡ, ಗುಡ್ಡದ ಮೈಮೇಲೆ ಊರು, ನೆತ್ತಿಯ ಮೇಲೆ ದೇವಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂದರೆ ಗಾಡಿಗಳು ತುಂಬಿ ಬರುತ್ತವೆ. ಇಳಿದವರು ಉಟ್ಟ ಬಟ್ಟೆಯಲ್ಲೇ ಹೊಂಡದಲ್ಲಿ ಮುಳುಗುತ್ತಾರೆ. ಮೈಮೇಲಿನದನ್ನು ಪಾವಟಿಗೆಯ ಮೇಲೆ ಬಿಟ್ಟು, ಒಣಗಿದ್ದು ಉಟ್ಟು, ತಿರುಗಿ ನೋಡದೆ ಮೆಟ್ಟಿಲು ಹತ್ತುತ್ತಾರೆ. ಒಂದು ವರ್ಷದ ಪೀಡೆ ಆ ಬಟ್ಟೆಯ ಜೊತೆ ಹೋಯಿತು. ಜಡ್ಡು, ಕೋರ್ಟು, ಬಂಜೆತನ, ಗಂಡನ ಕುಡಿತ, ಎಲ್ಲ.

ಹೋಯಿತು ಎಂದರೆ ನಮ್ಮ ಕೈಗೆ ಬಂತು.

ಅದನ್ನು ಎತ್ತುವುದು ನಮ್ಮ ಮನೆಯವರು. ಎತ್ತುವುದಕ್ಕೂ ಕಟ್ಟಳೆಗಳಿವೆ. ಒಂದೇ ರಕ್ತದ ಇಬ್ಬರು ಹೆಂಗಸರು ಎತ್ತಬೇಕು, ತಾಯಿ ಮಗಳು ಇಲ್ಲವೆ ಅಕ್ಕ ತಂಗಿ. ರಕ್ತ ಬೇರೆಯಾದರೆ ಪೀಡೆ ನಡುವೆ ಜಾರಿ ಬೀಳುತ್ತದಂತೆ. ಪ್ಲಾಟ್‌ಫಾರ್ಮಿನ ಮೇಲೆ ಒಂದು ಹನಿ ಬೀಳಬಾರದು, ಅದಕ್ಕೇ ಹೊಂಡದ ಬದಿಯಲ್ಲೇ ಹಿಂಡಬೇಕು. ಎತ್ತಿದಾಗಿನಿಂದ, ಹಿಂಡಿದ್ದನ್ನು ಹೊತ್ತು ಹಳಿ ದಾಟುವವರೆಗೆ ಮಾತಾಡಬಾರದು. ಮಾತಾಡಿದರೆ ಪೀಡೆ ಬಿಟ್ಟವರಿಗೇ ವಾಪಸು ಹೋಗುತ್ತದೆ.

ಹಳಿಯಾಚೆ, ಹಳೆಯ ಗೂಡ್ಸ್ ಶೆಡ್ಡಿನ ಹಿಂದೆ, ಕಳ್ಳಿ ಬೇಲಿಯ ಮೇಲೆ ಒಣಗಿಸುತ್ತೇವೆ. ಒಣಗಿದ ಮೇಲೆ ಪೀಡೆ ಇರುವುದಿಲ್ಲ. ಒಣಗಿದ ಅರಿವೆ ಟ್ರಸ್ಟಿನದು. ಅಪ್ಪಾಸಾಬರ ಟೆಂಪೋ ಬಂದು ಚಿಂದಿ ವ್ಯಾಪಾರಕ್ಕೆ ಇಚಲಕರಂಜಿಗೆ ಒಯ್ಯುತ್ತದೆ. ಒಂದು ಚಳಿಗಾಲ ಅವ್ವ ಒಂದು ಶಾಲು ಉಳಿಸಿಕೊಂಡಿದ್ದಳು. ನನ್ನ ತಂಗಿ ಉಜ್ವಲಾ ಅದನ್ನು ಹೊದ್ದು ಮಲಗಿದ್ದಾಗ ಅಪ್ಪಾಸಾಬರು ಬಾಗಿಲಿಗೆ ಬಂದು ಎಳೆದುಕೊಂಡು ಹೋದರು. ಅವಳು ಎಚ್ಚರಾಗಿ ಅಳಲಿಲ್ಲ. ಮೊಣಕಾಲು ಎದೆಗೆ ಮಡಚಿಕೊಂಡು ಮತ್ತೆ ಮಲಗಿದಳು.

ಇಷ್ಟು ವರ್ಷ ನಾನು ಮತ್ತು ಅವ್ವ ಎತ್ತುತ್ತಿದ್ದೆವು. ಅವಳು ಒಂದು ತುದಿ, ನಾನು ಒಂದು ತುದಿ. ಅವಳು ಬಲಕ್ಕೆ ತಿರುವಿದರೆ ನಾನು ಎಡಕ್ಕೆ. ಬಾಯಿ ಮುಚ್ಚಿದ್ದರೂ ಸೀರೆಯ ಮೂಲಕ ಮಾತಾಡುತ್ತಿದ್ದೆವು. ಒಂದು ಸಲ ಜಗ್ಗಿದರೆ ನಿಲ್ಲು. ಎರಡು ಸಲ ಜಗ್ಗಿದರೆ ಆಯಿತು, ಮಡಚು. ಸಣ್ಣಗೆ ನಡುಗಿಸಿದರೆ, ಅಪ್ಪಾಸಾಬ ಬರುತ್ತಿದ್ದಾನೆ, ತಲೆ ಎತ್ತಬೇಡ. ಅವ್ವನ ಸಿಟ್ಟು, ಅವಳ ಬೆನ್ನುನೋವು, ಹಸಿವು, ಎಲ್ಲ ನನಗೆ ಆ ತುದಿಯಿಂದ ತಿಳಿಯುತ್ತಿತ್ತು. ಮನೆಯಲ್ಲಿ ನಾವು ಅಷ್ಟು ಮಾತಾಡಿದವರಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಪಾಚಿಯ ಮೇಲೆ ಜಾರಿದಳು. ಬಲಗೈ ಮಣಿಕಟ್ಟು ಮುರಿಯಿತು. ಸರಕಾರಿ ದವಾಖಾನೆಯಲ್ಲಿ ಪಟ್ಟಿ ಹಾಕಿದರು. ಪಟ್ಟಿ ತೆಗೆದ ಮೇಲೆ ಕೈ ಸೊಟ್ಟಗೇ ಉಳಿಯಿತು. ಈಗ ಅವಳು ಲೋಟ ಹಿಡಿಯುತ್ತಾಳೆ, ಸೀರೆ ಹಿಡಿಯಲಾರಳು.

ಕಂಬಕ್ಕೆ ಕಟ್ಟಿದ್ದು ಅದಕ್ಕೆ.

ಅವತ್ತೇ ಸಂಜೆ ಸಂಭಾಜಿ ಕಾಕಾ ನಮ್ಮ ತಗಡಿನ ಶೆಡ್ಡಿಗೆ ಬಂದ. ಅವನು ಅಪ್ಪನ ತಮ್ಮ, ಸ್ಟೇಷನ್ನಿನ ಕಸ ಹೊಡೆಯುವವರ ಮುಕಾದಮ. ಕಸದ ಗುತ್ತಿಗೆ ಅಪ್ಪಾಸಾಬರ ಮೈದುನನ ಹೆಸರಿನಲ್ಲಿದೆ. ಹಾಗಾಗಿ ನಮಗೆ ಪ್ಲಾಟ್‌ಫಾರ್ಮಿನ ಮೇಲೂ ಅವರೇ, ಹೊಂಡದ ಬದಿಗೂ ಅವರೇ. ಕಾಕಾ ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕತೊಡಗಿದ. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋದ ಕಡೆ ನೋಡಲಿಲ್ಲ. ಅದನ್ನು ತಂದು ಮೊಳೆ ಹೊಡೆದವನು ಅವನೇ.

ಹುಣ್ಣಿಮೆಗೆ ಉಜ್ವಲಾಳನ್ನು ಕಳಿಸಬೇಕಂತೆ. ಒಬ್ಬಳ ಕೈಯಿಂದ ಆಗುವುದಿಲ್ಲ ಎಂದು ಊರಿಗೆಲ್ಲ ಗೊತ್ತಾಯಿತಂತೆ. ಇಲ್ಲವಾದರೆ ಶೆಡ್ಡು ಖಾಲಿ ಮಾಡಬೇಕು, ಕಸದ ಕೆಲಸದಿಂದಲೂ ಹೆಸರು ತೆಗೆಯುತ್ತಾರೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು, ಎಡಗೈಯಿಂದ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು.

"ಹುಣ್ಣಿವಿ ದಿವಸ ಆಕಿಗಿ ಗಣಿತ ಪರೀಕ್ಷಾ ಐತಿ," ಎಂದಳು.

"ಅಪ್ಪಾಸಾಬಗ ಪರೀಕ್ಷಾ ತಗೊಂಡ ಏನ ಮಾಡೂದೈತಿ ವೈನಿ?"

"ಹಂಗಾರ ನಿನ್ನ ಮಗಳನ್ನ ಕಳಸು. ಆಕೀದೂ ಅದ ರಕ್ತ."

ಕಾಕಾನ ಹೆಬ್ಬೆರಳು ಅಂಗೈಯ ಮೇಲೆ ನಿಂತಿತು. "ಆಕೀ ಲಗ್ನಾ ಗೊತ್ತ ಮಾಡೇನಿ. ಬೀಗರಿಗಿ ನಾವು ಇದನ್ನ ಮಾಡತೇವಿ ಅನ್ನೂದ ಗೊತ್ತಿಲ್ಲ," ಎಂದ. ತಂಬಾಕು ಬಾಯಿಗೆ ಹಾಕಲಿಲ್ಲ. ನೆಲಕ್ಕೆ ಉದುರಿಸಿ ಎದ್ದು ಹೋದ.

ಉಜ್ವಲಾ ಬಲ್ಬಿನ ಕೆಳಗೆ ಲೆಕ್ಕ ಬಿಡಿಸುತ್ತಿದ್ದಳು. ಹತ್ತನೆಯ ಕ್ಲಾಸು. ಸಾಲಿಯಲ್ಲಿ ಅವ್ವ ರೇಲ್ವೆ ನೌಕರಿ ಮಾಡುತ್ತಾಳೆ ಎಂದು ಹೇಳಿದ್ದಾಳೆ. ಸುಳ್ಳೇನಲ್ಲ. ಅವಳು ಪೆನ್ನು ನಿಲ್ಲಿಸದೆ ಕೇಳಿದಳು, "ಅಕ್ಕಾ, ಒಂದ ಸಲಾ ಎತ್ತಿದ್ರ ಮುಗೀತೇನ?"

ನನಗೂ ಒಂದೇ ಸಲ ಎಂದಿದ್ದರು. ಅವ್ವನ ಜೊತೆ ಎತ್ತುತ್ತಿದ್ದ ಅವಳ ತಾಯಿಗೆ ಜ್ವರ ಬಂದಿತ್ತು, ಏಳನೆಯ ಕ್ಲಾಸಿನಲ್ಲಿದ್ದೆ. ಅವತ್ತು ಗಾಡಿಯಿಂದ ಇಳಿದವರಲ್ಲಿ ನನ್ನ ಪಕ್ಕ ಕೂಡುವ ಹುಡುಗಿಯೂ ಇದ್ದಳು, ತನ್ನ ತಾಯಿಯ ಜೊತೆ. ಅವಳ ಲಂಗವನ್ನು ಎತ್ತಿದ್ದು ನಾನೇ. ಮರುದಿನ ಬಿಸಿಯೂಟಕ್ಕೆ ಕೂತಾಗ ಅವಳು ತಾಟನ್ನು ಒಂದು ಗೇಣು ಆಚೆ ಸರಿಸಿದಳು. ಆಚೆಯವಳೂ ಸರಿಸಿದಳು. ಸಾಲಿನ ಕೊನೆಯವರೆಗೂ ತಾಟು ಸರಿಯುವ ಸದ್ದು ಕೇಳಿತು. ನಾನು ಅನ್ನ ಸಾರು ಉಂಡು, ತಾಟು ತೊಳೆದಿಟ್ಟು ಬಂದೆ. ಮತ್ತೆ ಹೋಗಲಿಲ್ಲ. ನನ್ನ ಹೆಸರು ಸುಗಂಧಾ. ಅದನ್ನು ಕೊನೆಯ ಸಲ ಕೂಗಿದ್ದು ಹಾಜರಿ ಹಿಡಿಯುವ ಮಾಸ್ತರರು. ಸ್ಟೇಷನ್ನಿನಲ್ಲಿ ನಾನು ಮೂಕಿ.

"ಮುಗ್ಯೂದಿಲ್ಲ," ಎಂದೆ. ಅವಳ ಲೆಕ್ಕ ತಪ್ಪಿತೆಂದು ಕಾಣುತ್ತದೆ, ಹಾಳೆ ಹರಿದಳು.

ಟಿಕೆಟ್ ಕೊಡುವ ನಿಖಿಲ ಸರ್ ನಿಪ್ಪಾಣಿ ಕಡೆಯವರು. ಬಂದು ಒಂದು ವರ್ಷವಾಗಿದೆ. ಎಲ್ಲರೂ ನಮಗೆ ಲೇ, ಬೇ ಅಂದರೆ ಅವರು ಅವ್ವನಿಗೆ ಮರ್ಯಾದೆಯಿಂದ ಬಾಯಾರ ಎನ್ನುತ್ತಾರೆ. ಒಮ್ಮೆ ಶೆಡ್ಡಿನ ಮುಂದೆ ಹಾಯುವಾಗ ತೆರೆದ ಬಾಗಿಲಿನಿಂದ ಫೋಟೋ ಕಾಣಿಸಿ ಅವರ ಕೈ ತಾನಾಗಿ ಎದೆಯ ತನಕ ಬಂದು, ಮತ್ತೆ ಜೇಬಿಗೆ ಹೋಯಿತು. ಅವ್ವ ಅದನ್ನು ನೋಡಿದಳು. ನಮ್ಮಾಂವ, ಎಂದಳು. ಯಾರಿಗೂ ಹೇಳಬೇಡ ಎಂದೂ ಹೇಳಿದಳು.

ಮಿರಜ ಪ್ಯಾಸೆಂಜರ್ ಹೋಗಿ ಪ್ಲಾಟ್‌ಫಾರ್ಮ್ ಖಾಲಿಯಾದ ಮೇಲೆ ನಾನು ಕಿಟಕಿಯ ಮುಂದೆ ನೆಲ ಒರೆಸತೊಡಗಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ, ನಾಲಿಗೆಗೆ ಬರುತ್ತಿರಲಿಲ್ಲ. ಕೊನೆಗೆ ಅವರೇ, ಏನ ಬೇಕ ತಂಗಿ, ಎಂದರು. ನಾನು ಹೇಳಿದೆ: ರೇಲ್ವೆಯ ಮೇಲಿನ ಆಫೀಸಿಗೆ ಒಂದು ಫೋನು ಮಾಡಿರಿ, ತಂಗಿ ಪರೀಕ್ಷೆಗೆ ಹೋಗಬೇಕು, ನೀವು ಹೇಳಿದರೆ ಕೇಳುತ್ತಾರೆ.

ಅವರು ಎದ್ದು ಹೋಗಿ ಹಿಂದಿನ ಬಾಗಿಲು ಮುಚ್ಚಿ ಬಂದರು. ಕಿಟಕಿಯ ಸಣ್ಣ ತೂತಿನ ಹತ್ತಿರ ಬಾಯಿ ತಂದರು.

"ಗುಡ್ಡದ ಮ್ಯಾಲ ನಾ ಬ್ಯಾರೆ ಅಡ್ಡಹೆಸರ ಹೇಳಿ ಖೋಲಿ ಹಿಡಿದೇನಿ. ಅದೂ ಅಪ್ಪಾಸಾಬರ ಮಂದೀದ. ಮನ್ಯಾಕಿ ಬಸರಿ ಅದಾಳ. ನಾ ಫೋನ್ ಹಚ್ಚಿದ್ರ, ಇವಗ್ಯಾಕ ಇಷ್ಟ ಉರೀತು ಅಂತ ನನ್ನ ಬುಡಾ ಕೆದರತಾರ."

ನಾನು ಒರೆಸುವ ಕೋಲು ಹಿಡಿದು ನಿಂತೇ ಇದ್ದೆ.

"ನನ್ನ ಪರಿಸ್ಥಿತಿನೂ ನೋಡ ತಂಗಿ," ಎಂದರು. ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ತೂತಿಗೆ ಹಲಗೆ ಅಡ್ಡ ಇಟ್ಟರು. ಮುಂದಿನ ಗಾಡಿಗೆ ಇನ್ನೂ ಬಹಳ ಹೊತ್ತಿತ್ತು.

ಹುಣ್ಣಿಮೆಯ ದಿನ ನಸುಕಿನಲ್ಲೇ ಎದ್ದು ಉಜ್ವಲಾಳಿಗೆ ಜಡೆ ಹಾಕಿದೆ. ಮೊದಲನೆಯ ಬಸ್ಸಿಗೇ ಹೋಗು, ಸಾಲಿಯ ಕಟ್ಟೆಯ ಮೇಲೆ ಕೂತು ಓದು ಎಂದೆ. ನಾನು ಒಬ್ಬಳೇ ಹೊಂಡಕ್ಕೆ ಹೋದೆ.

ಗಾಡಿಯ ಬಾಗಿಲಿಗೆಲ್ಲ ಜನ ಜೋತಿದ್ದರು. ಪಾವಟಿಗೆಯ ಮೇಲೆ ಅರಿವೆ ಬೀಳತೊಡಗಿತು. ಟವಲು, ಅಂಗಿ, ಧೋತರ ನಾನೊಬ್ಬಳೇ ಹಿಂಡಿದೆ. ಸೀರೆಗಳನ್ನು ಮೊಣಕಾಲಿನ ನಡುವೆ ಸಿಕ್ಕಿಸಿ ತುಸು ತುಸುವೇ ಹಿಂಡಿದೆ. ಒಂದು ಹಿಂಡುವಷ್ಟರಲ್ಲಿ ನಾಲ್ಕು ಬೀಳುತ್ತಿದ್ದವು.

ಅಥಣಿಯ ಲಕ್ಷ್ಮಿಬಾಯಿಯವರು ಸೊಸೆಯನ್ನು ಕರೆದುಕೊಂಡು ಬಂದಿದ್ದರು. ದೊಡ್ಡ ಮನೆತನ, ಪ್ರತಿ ವರ್ಷ ಬರುತ್ತಾರೆ. ನನ್ನ ಮೇಲೆ ಅವರಿಗೆ ಪ್ರೀತಿ. ಪಕ್ಕದವರಿಗೆ ನನ್ನನ್ನು ತೋರಿಸಿ ಹೇಳಿದರು, "ನಮ್ಮ ಮೂಕಿ ಭಾಳ ಚಲೋ ಹುಡಿಗಿ ನೋಡ್ರಿ. ಇಷ್ಟ ವರ್ಷ ಆತು, ಈಕೀ ದನಿ ಹೆಂಗೈತಿ ಅಂತ ನನಗ ಗೊತ್ತಿಲ್ಲ."

ಸೊಸೆ ಪೂನಮ ನನ್ನ ವಯಸ್ಸಿನವಳು. ಎರಡು ಸಲ ಬಸಿರು ಇಳಿದು ಹೋಗಿತ್ತಂತೆ, ಅತ್ತೆ ಅದನ್ನೂ ಪಕ್ಕದವರಿಗೆ ಹೇಳಿದರು. ಅವಳು ಮೂರು ಸಲ ಮುಳುಗಿ, ನಡುಗುತ್ತ ಮೇಲೆ ಬಂದು, ಮದುವೆಯ ಸೀರೆಯನ್ನು ಬಿಟ್ಟಳು. ಜರಿಯ ಸೀರೆ. ನಾನು ಎತ್ತಲು ಹೋದೆ, ಮೇಲೇಳಲಿಲ್ಲ. ಮತ್ತೆ ಎಳೆದೆ. ಕಾಲು ಜಾರಿ ಮೊಣಕಾಲು ಕಲ್ಲಿಗೆ ಬಡಿಯಿತು. ಪೂನಮ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿದಳು. ಅವಳ ಬೆರಳು ಸೀರೆಯ ಹತ್ತಿರ ಬಂದದ್ದನ್ನು ನಾನು ನೋಡಿದೆ. ಉಗುರಿಗೆ ಬಣ್ಣ ಹಚ್ಚಿದ್ದಳು.

"ನಿನ್ನ ಪೀಡಾ ನೀನ ವಾಪಸ್ ತಗೋತಿಯೇನ?" ಎಂದರು ಲಕ್ಷ್ಮಿಬಾಯಿಯವರು. "ಕೈ ಹಿಂದ ತಗಿ."

ಪೂನಮ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಆ ಹೊತ್ತಿಗೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನೀಲಿ ಯುನಿಫಾರ್ಮ್ ಕಾಣಿಸಿತು. ಮುಂದೆ ಸಂಭಾಜಿ ಕಾಕಾ, ಹಿಂದೆ ಉಜ್ವಲಾ. ಬೆನ್ನಿಗೆ ಬ್ಯಾಗು, ಎದೆಗೆ ಪರೀಕ್ಷೆಯ ಪ್ಯಾಡು. ಬಸ್‌ ಸ್ಟ್ಯಾಂಡಿನಲ್ಲೇ ಬಸ್ಸಿನಿಂದ ಇಳಿಸಿ ತಂದಿದ್ದ. ಬಸ್ಸು ಹೋಗಿ ಆಗಿತ್ತು.

ಅಪ್ಪಾಸಾಬರು ಅಂಗಡಿಯಿಂದ ಇಳಿದು ಬಂದರು.

"ಹಾಂ, ಈಗ ಆತ ನೋಡ ಜೋಡಿ. ಹಿಡಿ ಬೇ ತುದಿ. ಮಂದಿ ನಿಂತಾರ."

ಉಜ್ವಲಾ ಪ್ಯಾಡು ಇಡಲು ಜಾಗ ಹುಡುಕಿದಳು. ಎಲ್ಲ ಕಡೆ ನೀರಿತ್ತು. ಕಾಕಾನ ಕೈಗೆ ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ, ಒಡೆಯುವ ವಸ್ತುವಿನ ಹಾಗೆ. ಅವಳು ಚಪ್ಪಲಿ ಬಿಟ್ಟು ಪಾವಟಿಗೆ ಇಳಿದು ಬಂದಳು. ನನ್ನ ಮುಖ ನೋಡಿದಳು. ಬಗ್ಗಿ ಪೂನಮಳ ಸೀರೆಯ ಇನ್ನೊಂದು ತುದಿಯನ್ನು ಹಿಡಿದಳು.

ನಾನು ಒಂದು ಸಲ ಜಗ್ಗಿದೆ. ನಿಲ್ಲು.

ಅವಳಿಗೆ ಅದು ತಿಳಿಯಲಿಲ್ಲ. ಆ ಮಾತನ್ನು ನಾನು ಅವಳಿಗೆ ಕಲಿಸಿರಲಿಲ್ಲ. ತುದಿ ಕೈಜಾರುತ್ತಿದೆ ಎಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದಳು. ಬಲಕ್ಕೆ ತಿರುವಿದಳು, ಅವ್ವನ ಹಾಗೆಯೇ. ಯಾರೂ ತೋರಿಸದಿದ್ದರೂ ಬಲಕ್ಕೇ ತಿರುವಿದಳು.

"ಅವ್ವನಕಿಂತಾ ಚಲೋ ಹಿಡೀತಾಳ," ಎಂದರು ಅಪ್ಪಾಸಾಬರು. "ರಕ್ತದಾಗ ಇರತೈತಿ ಅದು."

ನಾನು ಜೋರಾಗಿ ಎಳೆದೆ. ತುದಿ ಅವಳ ಕೈಯಿಂದ ಬಿಟ್ಟುಬಂತು, ಅವಳು ಮುಗ್ಗರಿಸಿದಳು. ಇಡೀ ಸೀರೆಯನ್ನು ಹಿಂಡದೆ, ಹಾಗೆಯೇ ಎದೆಗೆ ಬಾಚಿಕೊಂಡು ಪಾವಟಿಗೆ ಹತ್ತಿದೆ. ನೀರು ಹೊಟ್ಟೆಯಿಂದ ಕಾಲಿಗೆ ಇಳಿಯುತ್ತಿತ್ತು. ಹಳಿಯ ಕಡೆ ಹೋಗಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಹೋದೆ. ಹನಿ ಬಿದ್ದಲ್ಲೆಲ್ಲ ಜನ ಹಾರಿ ಹಾರಿ ಹಿಂದೆ ಸರಿದರು. ಕೂಸುಗಳನ್ನು ಎತ್ತಿಕೊಂಡರು. ಚೀಲಗಳನ್ನು ತಲೆಯ ಮೇಲೆ ಇಟ್ಟುಕೊಂಡರು. ನಡುವೆ, ಗಡಿಯಾರದ ಕೆಳಗೆ, ನಾನು ನಿಂತೆ. ಸೀರೆಯ ಒಂದು ತುದಿ ನನ್ನ ಕೈಯಲ್ಲಿ, ಉಳಿದದ್ದು ನೆಲದ ಮೇಲೆ ಉದ್ದಕ್ಕೆ ಬಿಚ್ಚಿಕೊಂಡು ಬಿತ್ತು. ಸುತ್ತ ನೀರು ಹರಡಿತು.

ಬಾಯಿ ತೆರೆದೆ. ಮೊದಲು ಬರೇ ಗಾಳಿ ಬಂತು.

"ಭಾಳ ವಜ್ಜಿ ಐತ್ರಿ," ಎಂದೆ. "ಒಬ್ಬಾಕಿ ಕೈಲೆ ಆಗವಲ್ದು. ಯಾರರ ಒಬ್ಬರು ಆ ತುದಿ ಹಿಡೀರಿ."

ನನ್ನ ದನಿ ಅವ್ವನ ದನಿಯ ಹಾಗೇ ಇತ್ತು.

ಲಕ್ಷ್ಮಿಬಾಯಿಯವರು ಪಾವಟಿಗೆಯ ಮೇಲೆ ಕುಸಿದು ಕೂತು ಸೊಸೆಯ ಹೊಟ್ಟೆಯ ಕಡೆ ನೋಡಿದರು. ಪೂನಮ ನನ್ನನ್ನೇ ನೋಡುತ್ತಿದ್ದಳು, ಕೈ ಸೆರಗಿನೊಳಗೇ ಇತ್ತು. ಅಪ್ಪಾಸಾಬರ ಬಾಯಿ ತೆರೆದಿತ್ತು. ನನ್ನನ್ನು ಹೊಡೆಯಬೇಕೆಂದರೆ ಅವರು ಆ ನೀರಿನಲ್ಲಿ ಕಾಲಿಡಬೇಕಿತ್ತು. ಅಂಚಿನ ತನಕ ಬಂದರು, ಚಪ್ಪಲಿ ಹಿಂದೆ ತೆಗೆದರು. ಕಾಕಾ ಪ್ಯಾಡನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದ. ಟಿಕೆಟ್ ಕಿಟಕಿಯ ಮುಂದೆ ಜನ ಇರಲಿಲ್ಲ, ಎಲ್ಲರೂ ಸರಿದಿದ್ದರು. ಒಳಗೆ ನಿಖಿಲ ಸರ್ ಎದ್ದು ನಿಂತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಕೂತರು.

ಬರಿಗಾಲಿನ ಸದ್ದಾಯಿತು. ಉಜ್ವಲಾ ನೀರಿನ ಮೇಲೇ ನಡೆದು ಬಂದು ನೆಲದ ಮೇಲಿನ ತುದಿಗೆ ಬಗ್ಗಿದಳು.

"ನೀ ಬ್ಯಾಡ," ಎಂದೆ.

ಅವಳು ಬಗ್ಗಿದಲ್ಲೇ ನಿಂತಳು.

ದೂರದಲ್ಲಿ ಗಾಡಿ ಕೂಗಿತು. ಗುಡ್ಡ ಅದನ್ನು ತಿರುಗಿ ಕೂಗಿತು. ಯಾರೂ ಅಲುಗಾಡಲಿಲ್ಲ. ಅಷ್ಟು ಜನ, ಅಷ್ಟು ಕೈ. ನಾನು ತುದಿಯನ್ನು ಬಿಡಲಿಲ್ಲ.

"ಒಂದ ತುದಿ ಹಿಡೀರಿ, ಸಾಕು."